ಮರುಭೂಮಿಗೆ ಹೊರಟ ವ್ಯಾನಿಗೆ ಯಾವುದು: ಕೂಲರೋ, ಎಸಿಯೋ, ಟಾಪ್ ಫ್ಯಾನೋ?

ಕಲಬುರಗಿಯಿಂದ ಸೊಲ್ಲಾಪುರ, ಪುಣೆ, ಅಹಮದಾಬಾದ್ ದಾಟಿ ಕಚ್ಛಿನ ರಣಕ್ಕೋ ಜೈಸಲ್ಮೇರಿಗೋ ಕ್ಯಾಂಪರ್ ವ್ಯಾನ್ ಒಯ್ಯುವವರು ತಂಪಿಗೆ ಏನು ಹಾಕಿಸಬೇಕೆಂದು ಕೇಳುತ್ತಾರೆ. ನಮ್ಮ ಕಡೆಯ ಮೇ ಬಿಸಿಲಲ್ಲೂ ಅಲ್ಲಿನ ಮರಳಲ್ಲೂ ಕೂಲರ್, ಎಸಿ, ವ್ಯಾನಿನ ಟಾಪು ಕತ್ತರಿಸಿ ಕೂರಿಸುವ ಟಾಪ್ ಫ್ಯಾನ್, ಮೂರನ್ನೂ ಓಡಿಸಿ ನೋಡಿದ್ದೇವೆ. ಎಷ್ಟು ತಂಪು ಮಾಡುತ್ತದೆ ಎಂಬುದಕ್ಕಿಂತ ಎಷ್ಟು ನೀರು, ಎಷ್ಟು ಕರೆಂಟು ತಿನ್ನುತ್ತದೆ ಎಂಬ ಲೆಕ್ಕವೇ ಅಲ್ಲಿ ಮುಖ್ಯ.

ಕೂಲರ್ ನಮ್ಮ ಮನೆಮನೆಯ ಯಂತ್ರ. ಒಣಹವೆಯಲ್ಲಿ ಅದರ ಕೆಲಸದ ಬಗ್ಗೆ ಎರಡು ಮಾತಿಲ್ಲ: ಹೊರಗೆ 40 ಡಿಗ್ರಿ, ತೇವಾಂಶ ಶೇ 15 ಇದ್ದರೆ ಒಳ್ಳೆಯ ಪ್ಯಾಡಿನಿಂದ 26-27 ಡಿಗ್ರಿಯ ಗಾಳಿ ಬರುತ್ತದೆ. ಫ್ಯಾನು, ಪಂಪು ಸೇರಿ 60 ವ್ಯಾಟ್ ಸಾಕು. ಆದರೆ ಗಂಟೆಗೆ 500 ಘನ ಮೀಟರ್ ಗಾಳಿ ದೂಡುವ ಸಣ್ಣ ಕೂಲರ್ ಕೂಡ ಇಂಥ ಹವೆಯಲ್ಲಿ ಗಂಟೆಗೆ ಸುಮಾರು 3 ಲೀಟರ್ ನೀರು ಕುಡಿಯುತ್ತದೆ. ಎಂಟು ಗಂಟೆಗೆ 24 ಲೀಟರ್. ವ್ಯಾನಿನ ಟ್ಯಾಂಕು 60 ಲೀಟರಿನದಾದರೆ, ಇಬ್ಬರು ಎರಡು ದಿನ ಕುಡಿಯುವ ನೀರು ಒಂದೇ ರಾತ್ರಿಗೆ ಹೋಯಿತು. ಕಚ್ಛಿನಲ್ಲಿ ಎಷ್ಟೋ ಕಡೆ ಸಿಗುವುದು ಸವಳು ನೀರು. ಆವಿಯಾಗುವುದು ನೀರಷ್ಟೇ, ಉಪ್ಪು ಪ್ಯಾಡಿನಲ್ಲಿ ಕಟ್ಟಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಎರಡು ದಿನಕ್ಕೊಮ್ಮೆ ತಳದ ನೀರು ಪೂರ್ತಿ ಚೆಲ್ಲಬೇಕು. ಗಾಡಿ ಹೊರಡುವ ಮುನ್ನವೂ ಖಾಲಿ ಮಾಡಿ, ಇಲ್ಲವಾದರೆ ಕುಲುಕಾಟಕ್ಕೆ ಹಾಸಿಗೆ ತೊಯ್ಯುತ್ತದೆ. ಮಾಂಡ್ವಿಯಂಥ ಕಡಲ ದಂಡೆಯಲ್ಲಿ, ಮಳೆಗಾಲದಲ್ಲಿ ಇದನ್ನು ನೆಚ್ಚಬೇಡಿ.

ಎಂಜಿನ್ ಬಂದ್ ಇದ್ದಾಗಲೂ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಪಾರ್ಕಿಂಗ್ ಎಸಿಗೆ ನೀರು ಬೇಡ, ಕರೆಂಟಿನ ಹಸಿವು ಮಾತ್ರ ದೊಡ್ಡದು. ಶುರುವಿಗೆ 50 ಆಂಪಿಯರ್ ಎಳೆದು ಆಮೇಲೆ 25-30ಕ್ಕೆ ಇಳಿಯುತ್ತದೆ. ಒಂದು ರಾತ್ರಿಗೆ 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ ಮೂರು ಬೇಕು. 400 ವ್ಯಾಟ್ ಸೋಲಾರ್ ದಿನಕ್ಕೆ ಎರಡು ಯೂನಿಟ್ ಮುಟ್ಟುವುದೇ ಕಷ್ಟ, ಎಸಿ ಕೇಳುವುದು ಮೂರರ ಹತ್ತಿರ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಇಡಬೇಡಿ: ವಿಪರೀತ ತೂಕ, ಅರ್ಧದಷ್ಟೇ ಬಳಸಬಹುದು, ಕೆಟ್ಟ ರಸ್ತೆಯಲ್ಲಿ ಆಸಿಡ್ ಚೆಲ್ಲುತ್ತದೆ. ಬ್ಯಾಟರಿ ತುಂಬಿದ್ದರೂ ಎಸಿ ಬಂದ್ ಆಗುತ್ತಿದ್ದರೆ ಮೊದಲು ವೈರ್ ನೋಡಿ. ಐದು ಮೀಟರ್ ದೂರಕ್ಕೆ 16 ಚದರ ಮಿ.ಮೀ. ವೈರ್ ಎಳೆದರೆ ಹೋಗಿಬರುವ ದಾರಿಯಲ್ಲೇ 0.6 ವೋಲ್ಟ್ ಕಳೆದು ಲೋ-ವೋಲ್ಟೇಜ್ ಕಟಾಫ್ ಬೀಳುತ್ತದೆ. 35ರದ್ದು ಹಾಕಿ, ಬ್ಯಾಟರಿ ಪಕ್ಕದಲ್ಲೇ 80 ಆಂಪಿಯರ್ ಫ್ಯೂಸ್ ಇರಲಿ.

ನಮ್ಮ ಮತ ಟಾಪ್ ಫ್ಯಾನಿಗೆ. ಶಹಾಬಾದ್ ಪರಸಿಯ ಮನೆ ನಡುರಾತ್ರಿವರೆಗೂ ಕಾವು ಬಿಡುತ್ತಿರುತ್ತದೆ. ವ್ಯಾನಿನ ತಗಡಿಗೆ ಅಷ್ಟು ಕಾವು ಹಿಡಿದಿಡುವ ಶಕ್ತಿಯಿಲ್ಲ. ಮರುಭೂಮಿಯ ತಿಳಿ ಆಕಾಶದಡಿ ಹೊರಗಿನ ಗಾಳಿ ಬೇಗ ತಣಿಯುವುದರಿಂದ, ಅದನ್ನು ಒಳಗೆ ಎಳೆದುಕೊಂಡರೆ ಕೆಲಸ ಮುಗಿಯಿತು. ನಡು ವೇಗದಲ್ಲಿ ಒಂದೂವರೆ ಆಂಪಿಯರ್, ಇಡೀ ರಾತ್ರಿಗೆ ಹನ್ನೆರಡು ಆಂಪಿಯರ್-ಅವರ್. ಎರಡೂ ದಿಕ್ಕಿಗೆ ತಿರುಗುವ ಫ್ಯಾನನ್ನೇ ಕೊಳ್ಳಿ. ಗಾಳಿ ಹೊರದೂಡುವಾಗ ವ್ಯಾನಿನೊಳಗೆ ಒತ್ತಡ ಕಡಿಮೆಯಾಗಿ, ಬಾಗಿಲ ರಬ್ಬರಿನ ಸಂದಿಸಂದಿಯಿಂದ ಧೂಳು ನುಗ್ಗುತ್ತದೆ. ಧೂಳೆದ್ದಾಗ ದಿಕ್ಕು ಬದಲಿಸಿ, ಫಿಲ್ಟರ್ ಇಟ್ಟು ಗಾಳಿ ಒಳಗೆ ತಳ್ಳಿದರೆ ಸಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ಬರುವುದಿಲ್ಲ. ಧೂಳಿಲ್ಲದ ರಾತ್ರಿ ಹೊರದೂಡುವಂತೆ ಇಟ್ಟು, ಮಲಗುವವರ ತಲೆಯ ಬಳಿಯ ಕಿಟಕಿ ಒಂದನ್ನೇ ನಾಲ್ಕು ಬೆರಳಷ್ಟು ತೆರೆಯಿರಿ. ಎಲ್ಲ ಕಿಟಕಿ ತೆರೆದರೆ ಗಾಳಿ ಮೈಮೇಲೆ ಹಾಯುವುದಿಲ್ಲ.

ಫ್ಯಾನ್ ಕೂರಿಸಲು ಟಾಪಿನಲ್ಲಿ ಕತ್ತರಿಸುವುದು 14 ಇಂಚು ಚೌಕ. ತಗಡಿನ ಅಂಚಿಗೆ ಜಿಂಕ್ ಪ್ರೈಮರ್ ಬಳಿಯದಿದ್ದರೆ ರಣದ ಉಪ್ಪುಧೂಳು ತುಕ್ಕು ಹಿಡಿಸುತ್ತದೆ. ಫ್ಯಾನಿನ ಫ್ರೇಮಿನಡಿ ನೀರು ಸೋರದಂತೆ ಅಂಟಿಕೊಳ್ಳುವ ಬ್ಯುಟೈಲ್ ಟೇಪ್ ಹಾಕಿ.

ಫ್ಯಾನಿನ ಮಿತಿಯನ್ನೂ ಹೇಳಬೇಕು: 40 ಡಿಗ್ರಿ ಮೀರಿದ ಮಧ್ಯಾಹ್ನ ಅದು ಬಿಸಿಗಾಳಿಯನ್ನೇ ತರುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಫ್ಯಾನ್ ಒಂದೇ ಸಾಕು. ಏಪ್ರಿಲ್-ಮೇನಲ್ಲಿ ಹೋಗಲೇಬೇಕಾದರೆ ಮಧ್ಯಾಹ್ನ ಎರಡು ತಾಸಿಗೆ ಸಣ್ಣ ಕೂಲರ್ ಜೊತೆಗಿರಲಿ, ಆರು ಲೀಟರ್ ಅದಕ್ಕೆಂದೇ ಎತ್ತಿಡಿ. ಆಗ ಟಾಪ್ ಫ್ಯಾನ್ ತೇವವನ್ನು ಹೊರಹಾಕುತ್ತದೆ. ಹಸುಗೂಸು, ವಯಸ್ಸಾದವರು ಜೊತೆಗಿದ್ದರೆ ಎಸಿಯ ಖರ್ಚು ದಂಡವಲ್ಲ.

ಟಾಪು ಕತ್ತರಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ.