ಮೇಲ್ ಸರ್ವರ್‌ಗಳ ಮುಂದೆ ಎಚ್‌ಎಪ್ರಾಕ್ಸಿ: ನಾಲ್ಕು ವರ್ಷ ಬಳಸಿದ ಮೇಲೆ

ಮೂರು ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ಸಾಫ್ಟ್‌ವೇರ್) ಸರ್ವರ್, ಮುಂದೆ ಬರುವ ಕನೆಕ್ಷನ್‌ಗಳನ್ನು ಅವುಗಳಿಗೆ ಹಂಚುವ ಒಂದು ಎಚ್‌ಎಪ್ರಾಕ್ಸಿ. ನಾಲ್ಕು ವರ್ಷದಿಂದ ಇದೇ ಏರ್ಪಾಡು. ಎಚ್‌ಎಪ್ರಾಕ್ಸಿ ತಾನಾಗಿ ಒಮ್ಮೆಯೂ ಕೈ ಕೊಟ್ಟಿಲ್ಲ. ಎಡವಟ್ಟಾಗಿದ್ದೆಲ್ಲ ನನ್ನ ಕಾನ್ಫಿಗರೇಶನ್‌ನಿಂದ.

ಹೊರಗಿನಿಂದ ಬರುವ ಮೇಲ್ ಹಂಚುವುದಕ್ಕಷ್ಟೇ ಆದರೆ ಇದು ಬೇಕಿಲ್ಲ. ನಮ್ಮ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೊರಗಿನವರಿಗೆ ಹೇಳುವ ಎಮ್‌ಎಕ್ಸ್ ರೆಕಾರ್ಡ್‌ಗಳಿಗೆಲ್ಲ ಒಂದೇ ಪ್ರಿಯಾರಿಟಿ ಕೊಟ್ಟರೆ ಕಳಿಸುವ ಸರ್ವರ್‌ಗಳೇ ಯಾವುದಾದರೊಂದನ್ನು ಆರಿಸಿಕೊಳ್ಳುತ್ತವೆ. ಆದರೆ ಬಳಕೆದಾರರ ಮೇಲ್ ಆ್ಯಪ್‌ಗಳು ಎಮ್‌ಎಕ್ಸ್ ನೋಡುವುದಿಲ್ಲ ಅಲ್ವಾ? ಅವರಿಗೆ ಗೊತ್ತಾಗದ ಹಾಗೆ ಸರ್ವರ್ ಅಪ್‌ಡೇಟ್ ಮಾಡಬೇಕಿತ್ತು. ಅದಕ್ಕೇ ಹಾಕಿದೆ, ಹೊರಗಿನ ಮೇಲನ್ನೂ ಇದರ ಮೂಲಕವೇ ಬಿಟ್ಟೆ.

ಮೊದಲ ವಾರವೇ ಪೆಟ್ಟು ತಿಂದೆ. ಲಾಗ್ ತೆರೆದರೆ ಸಾಲುಸಾಲಾಗಿ ಒಂದೇ ಐಪಿ, ಎಚ್‌ಎಪ್ರಾಕ್ಸಿಯದ್ದು. ಕಳಿಸುವವರ ಐಪಿ ನೋಡಿ ಸ್ಪ್ಯಾಮ್, ನಕಲಿ ಮೇಲ್ ಹಿಡಿಯುವ ಬ್ಲಾಕ್‌ಲಿಸ್ಟ್, ಎಸ್‌ಪಿಎಫ್ ಎರಡೂ ಕೆಲಸಕ್ಕೆ ಬಾರದಂತಾಗಿದ್ದವು. ಸಾಲದ್ದಕ್ಕೆ ಆ ಐಪಿ ನನ್ನ 'ಮೈನೆಟ್‌ವರ್ಕ್ಸ್' (ಪೋಸ್ಟ್‌ಫಿಕ್ಸ್ ನಂಬುವ ಐಪಿಗಳ ಪಟ್ಟಿ) ಒಳಗಿತ್ತು. ಅಂದರೆ ಯಾರು ಬೇಕಾದರೂ ನಮ್ಮ ಸರ್ವರ್‌ನಿಂದ ಯಾರಿಗೆ ಬೇಕಾದರೂ ಮೇಲ್ ಕಳಿಸಬಹುದಿತ್ತು! ಎಚ್‌ಎಪ್ರಾಕ್ಸಿಯಲ್ಲಿ 'ಸೆಂಡ್-ಪ್ರಾಕ್ಸಿ' ಹಾಕಿ, ಪೋಸ್ಟ್‌ಫಿಕ್ಸ್‌ನಲ್ಲೂ ಪ್ರಾಕ್ಸಿ ಪ್ರೋಟೋಕಾಲ್ (ಮೂಲ ಐಪಿಯನ್ನು ಹಿಂದಿನ ಸರ್ವರ್‌ಗೆ ತಿಳಿಸುವ ವಿಧಾನ) ಆನ್ ಮಾಡಿದ ಮೇಲೆ ನಿಜವಾದ ಐಪಿ ಕಾಣಿಸಿತು. ಪೋಸ್ಟ್‌ಫಿಕ್ಸ್ 2.10ರಿಂದ ಅದಕ್ಕೆ ಸೌಲಭ್ಯ ಇದೆ.

ಇನ್ನೊಂದು ರಾತ್ರಿ ಎರಡನೇ ಸರ್ವರ್‌ನ ಡಿಸ್ಕ್ ತುಂಬಿತು. ಬಂದ ಮೇಲ್‌ಗೆಲ್ಲ 452 (ಜಾಗ ಇಲ್ಲ) ಹೇಳಿ ಸಾಗಹಾಕುತ್ತಿತ್ತು. ಎಚ್‌ಎಪ್ರಾಕ್ಸಿಯ ಸ್ಟಾಟ್ಸ್ ಪೇಜ್‌ನಲ್ಲಿ ನೋಡಿದರೆ ಹಸಿರು, ಅಂದರೆ ಎಲ್ಲ ಸರಿ! ಸರ್ವರ್ ಬದುಕಿದೆಯಾ ಅಂತ ಅದು ಮಾಡುವ ಎಸ್‌ಎಮ್‌ಟಿಪಿ (ಮೇಲ್ ಕಳಿಸುವ ಪ್ರೋಟೋಕಾಲ್) ಚೆಕ್ ಬಾಗಿಲಲ್ಲಿ ನಮಸ್ಕಾರ ಹೇಳಿ ಬರುತ್ತದೆ ಅಷ್ಟೇ, ಮೇಲ್ ತಗೊಳ್ತೀಯಾ ಅಂತ ಕೇಳುವುದಿಲ್ಲ. ಜೊತೆಗೆ ನಾನು 'ಲೀಸ್ಟ್‌ಕಾನ್' ಇಟ್ಟಿದ್ದೆ. ಯಾವುದಕ್ಕೆ ಕನೆಕ್ಷನ್ ಕಡಿಮೆಯೋ ಅದಕ್ಕೇ ಹೊಸದು ಹೋಗುತ್ತದೆ. ಬಂದವರಿಗೆಲ್ಲ ಥಟ್ಟನೆ ಆಗಲ್ಲ ಅನ್ನುವವನ ಕೈ ಯಾವಾಗಲೂ ಖಾಲಿ ತಾನೇ? ಕೆಟ್ಟ ಸರ್ವರ್‌ಗೇ ಜಾಸ್ತಿ ಮೇಲ್ ಹೋಯಿತು. 452 ತಾತ್ಕಾಲಿಕ ಎರರ್ ಆಗಿದ್ದರಿಂದ ಹೊರಗಿನ ಸರ್ವರ್‌ಗಳು ಮತ್ತೆ ಕಳಿಸಿದವು. ತಡವಾಯಿತು, ಕಳೆದುಹೋಗಲಿಲ್ಲ. ಈಗ ಡಿಸ್ಕ್ ಜಾಗ ನೋಡುವ ಸಣ್ಣ ಸ್ಕ್ರಿಪ್ಟನ್ನು 'ಏಜೆಂಟ್-ಚೆಕ್'ಗೆ (ಸರ್ವರ್ ತನ್ನ ಸ್ಥಿತಿಯನ್ನು ಎಚ್‌ಎಪ್ರಾಕ್ಸಿಗೆ ತಾನೇ ಹೇಳುವ ಸೌಲಭ್ಯ) ಕಟ್ಟಿದ್ದೇನೆ. ಜಾಗ ಕಡಿಮೆಯಾದರೆ ಅದು 'ಡ್ರೇನ್' ಅನ್ನುತ್ತದೆ, ಹೊಸ ಕನೆಕ್ಷನ್ ನಿಲ್ಲುತ್ತವೆ.

ಐಮ್ಯಾಪ್‌ಗೂ (ಆ್ಯಪ್‌ಗಳು ಸರ್ವರ್‌ನಲ್ಲಿರುವ ಮೇಲ್ ಓದುವ ಪ್ರೋಟೋಕಾಲ್) ಎಚ್‌ಎಪ್ರಾಕ್ಸಿ ಬಳಸುವವರು ಟೈಮ್‌ಔಟ್ 30 ನಿಮಿಷ ದಾಟಿಸಿ. ಸುಮ್ನೆ ಕಾಯುತ್ತಾ ಕೂತ ಆ್ಯಪ್ 29 ನಿಮಿಷ ಮಾತಾಡದೆಯೂ ಇರಬಹುದು.

ಅಪ್‌ಡೇಟ್‌ಗೆ ಈಗ ರಾತ್ರಿ ನಿದ್ದೆ ಕೆಡುವುದಿಲ್ಲ. ಹಗಲಲ್ಲೇ ಒಂದು ಸರ್ವರನ್ನು ಡ್ರೇನ್‌ಗೆ ಹಾಕುತ್ತೇನೆ, ಎಸ್‌ಎಮ್‌ಟಿಪಿ ಕೆಲವೇ ನಿಮಿಷದಲ್ಲಿ ಖಾಲಿ. ಐಮ್ಯಾಪ್ ಕನೆಕ್ಷನ್‌ಗಳು ಮಾತ್ರ ಸಂಜೆವರೆಗೂ ಅಂಟಿಕೊಂಡಿರುತ್ತವೆ. ಅವನ್ನು ಕಡೆಗೆ ನಾನೇ ಕಡಿದುಹಾಕಬೇಕು.