ಕೋಡ್ ಹಾಕಲು ಕಲಿಸುವ ಮೂರು ದಾರಿ: ನಮ್ಮ ಕೈ ಹಿಡಿದದ್ದು ಯಾವುದು?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಮಹಡಿ ಕೋಣೆ. ಆರು ಜನ ಇದ್ದೇವೆ. ಇಬ್ಬರು ಮಂಡ್ಯದಿಂದ ದಿನಾ ರೈಲಿನಲ್ಲಿ ಬರುತ್ತಾರೆ. ಆರೋಗ್ಯ ಸಂಶೋಧನೆಗಳ ಸಾರಾಂಶ ಓದಿ, ಯಾವುದು ಯಾವ ಗುಂಪಿನದು ಎಂದು ಕೋಡ್ ಹಾಕುವುದು ಕೆಲಸ. ಬಳಸುವುದು ಬ್ರಿಟನ್ನಿನ ಎಚ್‌ಆರ್‌ಸಿಎಸ್ (ಹೆಲ್ತ್ ರಿಸರ್ಚ್ ಕ್ಲಾಸಿಫಿಕೇಶನ್ ಸಿಸ್ಟಮ್), ಅಂದರೆ ಆರೋಗ್ಯ ಸಂಶೋಧನೆಯನ್ನು ವಿಂಗಡಿಸುವ ಪದ್ಧತಿ. ಅದರಲ್ಲಿ ಆರೋಗ್ಯದ ವಿಭಾಗಗಳು 21, ಸಂಶೋಧನೆಯ ಬಗೆ ಹೇಳುವ, ಗುಂಪುಗಳಾಗಿ ವಿಂಗಡಿಸಿದ ಕೋಡ್‌ಗಳು 48. ಒಂದೇ ಸಾರಾಂಶಕ್ಕೆ ಒಬ್ಬೊಬ್ಬರು ಒಂದೊಂದು ಕೋಡ್ ಹಾಕಿದರೆ, ಯಾವ ಕಾಯಿಲೆಯ ಸಂಶೋಧನೆಗೆ ಎಷ್ಟು ದುಡ್ಡು ಹೋಗುತ್ತಿದೆ ಎಂಬ ಲೆಕ್ಕವೇ ಎಡವಟ್ಟಾಗುತ್ತದೆ. ಹಾಗಾಗಿ ಹೊಸಬರಿಗೆ ಕಲಿಸಲು ಮೂರು ದಾರಿ ಹಿಡಿದು ನೋಡಿದೆ.

ಮೊದಲು ಕೈಪಿಡಿ. ಎರಡು ದಿನ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿದೆ, ಎಲ್ಲರೂ ತಲೆಯಾಡಿಸಿದರು. ಮೂರನೇ ದಿನ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರ್‌ನ, ಸಾರಾಂಶ ಬಂತು. ನೇರವಾಗಿ ರಕ್ತದ ವಿಭಾಗಕ್ಕೆ ಹಾಕಿದರು. ಅದು ಹೋಗಬೇಕಾದದ್ದು ಕ್ಯಾನ್ಸರ್‌ಗೆ. ಪಾರ್ಶ್ವವಾಯುವಿಗೆ ಅದರದ್ದೇ ವಿಭಾಗ ಇದ್ದರೂ ಹೃದಯದ ಜೊತೆ ಸೇರಿಸಿದರು. ಕೈಪಿಡಿಗೆ ಒಂದು ಗಂಟೆ ಕೊಟ್ಟರೆ ಸಾಕು.

ಎರಡನೆಯದು ಕೀ ಆನ್ಸರ್. ನಾನು ಮೊದಲೇ ಕೋಡ್ ಹಾಕಿಟ್ಟ 40 ಸಾರಾಂಶ ಕೊಟ್ಟೆ. ಕೋಡ್ ಹಾಕಿದ ತಕ್ಷಣ ಸರಿಯೋ ತಪ್ಪೋ ಗೊತ್ತಾಗುತ್ತದೆ. ಲ್ಯುಕೇಮಿಯಾ ತರದ ತಪ್ಪುಗಳು ಒಂದೇ ವಾರದಲ್ಲಿ ನಿಂತವು. ಆದರೆ ನಿಧಾನಕ್ಕೆ ಅವರು ಸಾರಾಂಶ ಬಿಟ್ಟು, 'ಮೇಡಂ ಏನು ಹಾಕಿರಬಹುದು' ಅಂತ ಊಹಿಸತೊಡಗಿದರು. ಕೀಯಲ್ಲೇ ಎರಡು ತಪ್ಪಿದ್ದವು. ಒಬ್ಬರೂ ಕೇಳಲಿಲ್ಲ.

ಮೂರನೆಯದು ಜೋಡಿ. ಇಬ್ಬರೂ ಒಬ್ಬರದ್ದೊಬ್ಬರು ನೋಡದೆ ಕೋಡ್ ಹಾಕಬೇಕು. ಶುಕ್ರವಾರ ಕೂತು, ತಾಳೆಯಾಗದವನ್ನು ಮಾತಾಡಬೇಕು. ಅಭ್ಯಾಸಕ್ಕೆಂದು ನಾನೇ ಬರೆದ ಒಂದು ಸಾರಾಂಶ ಹೀಗಿತ್ತು: ಹುಣಸೂರು ಕಡೆಯ ತಂಬಾಕು ಬೆಳೆಗಾರರು ಒದ್ದೆ ಎಲೆ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ವಾಂತಿ, ತಲೆಸುತ್ತು ಬರುತ್ತದೆಯೇ ಎಂಬ ಅಧ್ಯಯನ. ಕೊನೆಯ ಸಾಲು, 'ಮುಂದೆ ಕೈಗವಸು ಬಳಸಿ ಇದನ್ನು ತಡೆಯಲು ಅನುಕೂಲ.' ಒಬ್ಬಳು ತಡೆಗಟ್ಟುವ 3ನೇ ಗುಂಪು ಅಂದಳು, ಇನ್ನೊಬ್ಬಳು ಕಾರಣ ಹುಡುಕುವ 2ನೇ ಗುಂಪು. ಎರಡನೆಯವಳು ಆ ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿ, "ಈಗ ಓದು, ಕೆಲಸ ಏನಾದರೂ ಬದಲಾಯ್ತಾ?" ಎಂದಳು. ಇಲ್ಲ, ಅಲ್ವಾ? ನಡೆದ ಕೆಲಸಕ್ಕೆ ಕೋಡ್ ಹಾಕಬೇಕು, ಮುಂದಿನ ಆಸೆಗಲ್ಲ. ಕೈಪಿಡಿಯಲ್ಲೂ ಇದೇ ಇದೆ. ನಾನು ಪಾಠದಲ್ಲೂ ಹೇಳಿದ್ದೆ. ಅಂದು ಮನಸ್ಸಿಗೆ ಇಳಿಯಿತು. ಈಗ ಎಲ್ಲರೂ ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿಯೇ ಓದುತ್ತಾರೆ.

ಜೋಡಿಯಲ್ಲಿ ತೊಂದರೆ ಇಲ್ಲ ಅಂತಲ್ಲ. ಸಮಯ ಎರಡರಷ್ಟು ಬೇಕು. ಅದಕ್ಕಿಂತ ದೊಡ್ಡದು ಸಂಕೋಚ. "ಅಕ್ಕ ಹೇಳಿದ್ದೇ ಇರಲಿ ಬಿಡಿ" ಎಂದು ಕಿರಿಯರು ಸುಮ್ಮನಾಗುತ್ತಾರೆ. ಕೋಡ್ ಒಂದಾಗುತ್ತದೆ, ಮನಸ್ಸು ಒಪ್ಪಿರುವುದಿಲ್ಲ. ಅದಕ್ಕೇ ಈಗ ಕಿರಿಯರೇ ಮೊದಲು ಮಾತಾಡಬೇಕು, ಕಾರಣವನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕು. 'ಅಕ್ಕ ಹೇಳಿದರು' ಎಂಬುದು ಕಾರಣವಾಗಿ ನಡೆಯುವುದಿಲ್ಲ.

ಇಬ್ಬರ ಕೋಡ್ ಎಷ್ಟು ತಾಳೆಯಾಗುತ್ತದೆ ಎಂದು ಅಳೆಯುವಾಗ ಮಾತುಕತೆಗೆ ಮೊದಲಿನ ಕೋಡ್‌ಗಳನ್ನೇ ತೆಗೆದುಕೊಳ್ಳಿ. ಬರೀ ಶೇಕಡಾ ಲೆಕ್ಕ ನಂಬಬೇಡಿ. ನೂರಕ್ಕೆ 80 ತಾಳೆಯಾದರೂ, ಅದರಲ್ಲಿ 60 ಸುಮ್ನೆ ಆಕಸ್ಮಿಕವಾಗಿಯೇ ತಾಳೆಯಾಗುವಂಥವು ಎಂದಿಟ್ಟುಕೊಳ್ಳಿ. ಉಳಿದ 40ರಲ್ಲಿ ಗಳಿಸಿದ್ದು 20 ಮಾತ್ರ, ಅಂದರೆ 0.5. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅಳತೆ ಇದೇ.

ಈಗ ನಮ್ಮಲ್ಲಿ ಕೈಪಿಡಿ ಒಂದು ಗಂಟೆ, ಕೀ ಆನ್ಸರ್ ಒಂದು ವಾರ, ಆಮೇಲೆಲ್ಲ ಜೋಡಿ. ಜೋಡಿಗಳನ್ನು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಒಂದೇ ಜೋಡಿ ಜಾಸ್ತಿ ದಿನ ಕೂತರೆ, ಉಳಿದವರಿಗೆ ಗೊತ್ತಿಲ್ಲದ ತಮ್ಮದೇ ರೂಲ್ ಮಾಡಿಕೊಂಡುಬಿಡುತ್ತಾರೆ.