ರಾತ್ರಿಯಿಡೀ ಹಾರ್ಮೋನ್ ಟೆಸ್ಟ್: ನರ್ಸ್‌ಗೆ ಪೂರ್ತಿ ಅಂಕ, ವಾರ್ಡ್‌ಗೆ ಇಲ್ಲ

ಮಗಳಿಗೆ 8 ತುಂಬುವ ಮೊದಲೇ ಎದೆ ಬೆಳೆಯಲು ಶುರುವಾಗಿತ್ತು, ಅದಕ್ಕೆ ಡಾಕ್ಟರು ರಾತ್ರಿ ಪೂರ್ತಿ ಪ್ರೌಢಾವಸ್ಥೆಗೆ ಚಾಲನೆ ಕೊಡುವ ಎಲ್‌ಎಚ್ ಹಾರ್ಮೋನ್ ನೋಡೋಣ ಎಂದರು. ಹಗಲಲ್ಲಿ ಒಂದು ಸಲ ರಕ್ತ ತೆಗೆದರೆ ಸಾಲದಾ ಅಂತ ಕೇಳಿದೆ. ಪ್ರೌಢಾವಸ್ಥೆ ಶುರುವಾಗುವಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನು ಜಾಸ್ತಿ ಬಿಡುವುದು ನಿದ್ದೆಯಲ್ಲೇ, ಅದೂ ಒಂದೇ ಸಮನೆ ಅಲ್ಲ, ಅಲೆ ಅಲೆಯಾಗಿ. ಹಗಲಲ್ಲಿ ಮಟ್ಟ ಕಡಿಮೆಯೇ ಕಾಣಬಹುದು, 1972ರಲ್ಲೇ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದ್ದಾರೆ ಎಂದು ಸಮಾಧಾನದಿಂದ ವಿವರಿಸಿದರು.

ಸಂಜೆಯೇ ಕೈಗೆ ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿದರು. ಮತ್ತೆ ಚುಚ್ಚಲಿಲ್ಲ. ನರ್ಸ್ 20 ನಿಮಿಷಕ್ಕೊಮ್ಮೆ ಬಂದು, ಸಣ್ಣ ಟಾರ್ಚ್ ಬೆಳಕಲ್ಲಿ, ಮಗುವಿನ ಕೈ ಅಲುಗಿಸದೆ ಉದ್ದ ಟ್ಯೂಬ್‌ನಿಂದ ರಕ್ತ ತೆಗೆದು, ಸ್ವಲ್ಪ ಸಲೈನ್ ಬಿಟ್ಟು ಹೋಗುತ್ತಿದ್ದರು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ.

ಬೇಜಾರಾಗಿದ್ದು ವಾರ್ಡ್ ವಿಷಯದಲ್ಲಿ. ಕಾರಿಡಾರ್ ಲೈಟ್ ಆರಿಸಲೇ ಇಲ್ಲ, ಪಕ್ಕದ ಬೆಡ್‌ನ ಮಾನಿಟರ್ ಕೂಗಿದಾಗಲೆಲ್ಲ ಮಗಳಿಗೆ ಎಚ್ಚರ. ನಿದ್ದೆಯೇ ಮುಖ್ಯವಾದ ಟೆಸ್ಟ್‌ಗೆ ಬೇರೆ ರೂಮ್ ಕೊಡಬೇಕಲ್ವಾ? ನೀವು ಹೋಗುವುದಾದರೆ ಬುಕ್ ಮಾಡುವಾಗಲೇ ಪ್ರತ್ಯೇಕ ರೂಮ್ ಕೇಳಿ. ಒಟ್ಟು ಎಷ್ಟು ರಕ್ತ ತೆಗೆಯುತ್ತಾರೆ ಅಂತಲೂ ಕೇಳಿಕೊಳ್ಳಿ, ಮಗುವಿನ ತೂಕದ ಮೇಲೆ ಅದಕ್ಕೊಂದು ಮಿತಿ ಇರುತ್ತದೆ.